ವೈದ್ಯನ ನಾಲಿಗೆ

ಬೊಮ್ಮಣ್ಣ ಮೊದಲ ಸಲ ಈ ಹೊಳೆ ದಾಟಿ ಬಂದದ್ದು ಕಂಕುಳಲ್ಲಿ ಚಾಪೆ ಸುರುಳಿ ಇಟ್ಟುಕೊಂಡು. ಈ ಸಲ ಬಂದದ್ದು ಪಲ್ಲಕ್ಕಿಯಲ್ಲಿ.

ಆಶ್ರಮ ಬಿಟ್ಟು ವರ್ಷವಷ್ಟೇ ಆಗಿತ್ತು. ಮರುಳಯ್ಯನವರ ಹತ್ತಿರ ಹನ್ನೆರಡು ವರ್ಷ ವೈದ್ಯ ಕಲಿತವನನ್ನು ಅರಮನೆಯವರು ಹುಡುಕಿಕೊಂಡು ಬಂದು ಕರೆದೊಯ್ದಿದ್ದರು. ರಾಜವೈದ್ಯನಾದ. ಆಮೇಲೆ ಅವನ ಸುದ್ದಿ ಬರುತ್ತಿತ್ತೇ ಹೊರತು ಅವನು ಬರಲಿಲ್ಲ.

ಪಲ್ಲಕ್ಕಿ ಇಳಿದವನ ಕೈ ತಾನಾಗಿ ಬಾಗಿಲ ಬಳಿಯ ನೆಲ್ಲಿಮರಕ್ಕೆ ಹೋಯಿತು. ಹಳೆಯ ಅಭ್ಯಾಸ. ಒಂದು ಎಳೆಗಾಯಿ ಕಿತ್ತು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಪಲ್ಲಕ್ಕಿ ಹೊತ್ತವರಿಗೆ ಹೇಳಿದ: "ಇಲ್ಲೇ ಇರಿ. ದೀಪ ಹಚ್ಚೋ ಹೊತ್ತಿಗೆ ಅರಮನೇಲಿರಬೇಕು."

ಜಗಲಿಯಲ್ಲಿ ಕೂತು ಬೇರು ಕೊಚ್ಚುತ್ತಿದ್ದ ಗುರುಗಳು ತಲೆಯೆತ್ತಿದರು. ಅವನ ಉಡುಪು ನೋಡಲಿಲ್ಲ, ಪಲ್ಲಕ್ಕಿ ನೋಡಲಿಲ್ಲ. ಕಾಯಿ ಅಗಿಯುವ ಬಾಯನ್ನೇ ನೋಡಿದರು.

"ಬಾರಪ್ಪ ಬೊಮ್ಮ. ಸೊರಗಿಹೋಗಿದ್ದೀಯ."

"ಕೆಲಸ ಅಯ್ಯಾ." ಕಾಲಿಗೆ ಬಿದ್ದು ಎದ್ದ.

"ಹೊಳೇಲಿ ಒಂದು ಮುಳುಗು ಹಾಕಿ ಬಾ. ಊಟ ಮಾಡೋಣ."

"ಬೆಳಗ್ಗೇನೇ ಸ್ನಾನ ಆಯ್ತು ಅಯ್ಯಾ. ಹೊತ್ತಿಲ್ಲ."

ಆಶ್ರಮದಲ್ಲಿದ್ದಾಗ ಹೊಳೆಗೆ ಇಳಿದರೆ ಉಳಿದವರು ಕೂಗಿ ಕೂಗಿ ಗಂಟಲು ಹರಿದುಕೊಂಡರೂ ದಡಕ್ಕೆ ಬಾರದಿದ್ದವನು ಇವನೇ. ಗುರುಗಳು ಎದ್ದು ಒಳಗೆ ಹೋಗಿ ಅಡುಗೆಯ ಈರವ್ವನ ಕಿವಿಯಲ್ಲಿ ಏನೋ ಹೇಳಿದರು. "ಅಯ್ಯೋ, ಇದೆಂಥಾ ಹುಚ್ಚು ನಿಮ್ಮದು!" ಎಂದು ಮುದುಕಿ ಗೊಣಗಿದ್ದು ಹೊರಗೂ ಕೇಳಿಸಿತು.

ಬೊಮ್ಮಣ್ಣನ ಮಡಿಲಲ್ಲಿ ಬಾಯಿ ಕಟ್ಟಿದ ಒಂದು ಕುಡಿಕೆ ಇತ್ತು. ಅದರಲ್ಲಿದ್ದದ್ದು ಅವನೇ ಕಾಯಿಸಿದ ಕಷಾಯ. ಅದನ್ನು ಕುಡಿಯುತ್ತಿದ್ದ ಹೆಂಗಸೊಬ್ಬಳು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಈಗ ಅವಳ ಮಗಳು ಅದನ್ನೇ ಕುಡಿಯುತ್ತಿದ್ದಳು. ನಿಜವಾಗಿ ಅವನನ್ನು ಇಲ್ಲಿಗೆ ಎಳೆತಂದದ್ದು ಆ ಕುಡಿಕೆ. ಆದರೆ ಕಷ್ಟದ ಮಾತನ್ನು ಯಾರು ತಾನೆ ಮೊದಲು ಎತ್ತುತ್ತಾರೆ?

ಅವನು ಬೇರೆ ಮಾತು ಎತ್ತಿದ.

"ಅಯ್ಯಾ, ಬೆಳಗ್ಗೆ ಕಣ್ಣುಬಿಟ್ಟರೆ ಬಾಗಿಲಲ್ಲಿ ರೋಗಿಗಳು. ಅಂತಃಪುರದವರು ಒಂದು ಕಡೆ, ಊರವರು ಒಂದು ಕಡೆ. ನಿಂತುಕೊಂಡೇ ಉಣ್ತೀನಿ. ಉಣ್ಣುವಾಗಲೂ ಎಡಗೈ ಯಾರದೋ ನಾಡಿ ಮೇಲಿರುತ್ತೆ. ಒಂದು ಹಾಡು ಕೇಳಿ ಎಷ್ಟು ದಿನ ಆಯ್ತೋ. ಮಳೆ ಬಂದದ್ದೂ ಬೇರೆಯವರು ಹೇಳಿದರೆ ಗೊತ್ತಾಗೋದು."

"ಬಿಟ್ಟುಬಿಡು ಕೆಲಸಾನ."

"ಹೇಗೆ ಬಿಡಲಿ? ದಿನಕ್ಕೆ ನೂರು ಜನ ಬರ್ತಾರೆ. ಒಳ್ಳೇ ಕೆಲಸ ಅಯ್ಯಾ, ನನಗೆ ಇಷ್ಟವಾದ ಕೆಲಸ. ಅದೂ ಬೇಕು. ಊಟ, ನಿದ್ದೆ, ಹೊಳೆ, ಹಾಡು, ಅವೂ ಬೇಕು. ನೀವು ಕಲಿಸಿದ ನೇಮವೂ ಉಳೀಬೇಕು. ಇಷ್ಟನ್ನೂ ಒಬ್ಬ ಮನುಷ್ಯ ಹೇಗೆ ಹೊರೋದು? ಅದನ್ನ ಕೇಳೋಕೆ ಬಂದೆ."

"ಈಗ ಹೇಗೆ ಹೊತ್ತಿದ್ದೀಯ?"

"ಸಂತೋಷಾನ ಕೆಳಗಿಳಿಸಿದೆ." ಬೊಮ್ಮಣ್ಣನ ದನಿಯಲ್ಲಿ ಸಂಕಟವಿತ್ತು, ಅದರೊಳಗೆ ಒಂದಿಷ್ಟು ಹೆಮ್ಮೆಯೂ ಇತ್ತು. "ಅದು ನನ್ನೊಬ್ಬನದು. ಹೋದರೆ ನನಗೇ ಹೋಯ್ತು, ಬೇರೆ ಯಾರಿಗೂ ತೊಂದರೆ ಇಲ್ಲ. ನೇಮ ಮಾತ್ರ ಬಿಟ್ಟಿಲ್ಲ. ನಿಮ್ಮ ಪಾದದಾಣೆ, ಒಂದು ದಿನವೂ ಬಿಟ್ಟಿಲ್ಲ."

ಆ ಆಶ್ರಮದಲ್ಲಿ ಇದ್ದದ್ದೇ ಒಂದು ನೇಮ. ವೈದ್ಯನ ಕೈಯಿಂದ ಹೋಗುವ ಮದ್ದು ಮೊದಲು ವೈದ್ಯನ ನಾಲಿಗೆ ಮುಟ್ಟಬೇಕು.

ಅದಕ್ಕಾಗಿಯೇ ಗುರುಗಳು ಶಿಷ್ಯರ ಕಣ್ಣಿಗೆ ಬಟ್ಟೆ ಕಟ್ಟಿ ಬಾಯಿಗೆ ಎಲೆ ಹಾಕುತ್ತಿದ್ದರು. ಯಾವ ಗಿಡ? ಬಿಸಿಲಿನದೋ ನೆರಳಿನದೋ? ಉಳಿದವರು ತಡಕಾಡುತ್ತಿದ್ದರೆ ಬೊಮ್ಮಣ್ಣ, "ಅಯ್ಯಾ, ಇದನ್ನ ನಿನ್ನೆ ಕಿತ್ತದ್ದು, ಮೇಲೆ ಇರುವೆ ಹರಿದಿದೆ," ಎನ್ನುತ್ತಿದ್ದ. ತಿಂಡಿಪೋತ ಬೇರೆ. ಈರವ್ವನ ಮಡಕೆಯಿಂದ ಹುಣಸೆ ಕದ್ದು, ಬೆಲ್ಲ ಕದ್ದು, ಎರಡನ್ನೂ ಕುಟ್ಟಿ ಕಡ್ಡಿಗೆ ಮೆತ್ತಿ ಚೀಪುತ್ತ ಕೂರುತ್ತಿದ್ದ. ಈರವ್ವ ಸೌಟು ಹಿಡಿದು ಅಟ್ಟಿಸಿಕೊಂಡು ಬಂದರೆ ಗುರುಗಳು, "ಬಿಡೇ, ಪಾಠ ಕಲೀತಿದ್ದಾನೆ," ಎಂದು ನಗುತ್ತಿದ್ದರು. ಅದು ತಮಾಷೆಗೆ ಅಂದದ್ದೆಂದು ಬೊಮ್ಮಣ್ಣ ತಿಳಿದಿದ್ದ.

"ಊಟಕ್ಕೆ ಏಳು," ಎಂದರು ಗುರುಗಳು.

ನವಣೆ ಅನ್ನ, ಹುರುಳಿ ಸಾರು, ಬದನೆಕಾಯಿ ಪಲ್ಯ, ಮಜ್ಜಿಗೆ. ಬೊಮ್ಮಣ್ಣ ಗಬಗಬನೆ ಉಂಡ. ಉಣ್ಣುತ್ತ ದಂಡನಾಯಕನ ಮಂಡಿನೋವಿನ ಕಥೆ ಹೇಳಿದ, ಕಿರಿಯ ರಾಣಿಯ ತಲೆಸುತ್ತಿನ ಕಥೆ ಹೇಳಿದ. ಗುರುಗಳು ತುತ್ತು ಕಲಸಿಕೊಂಡು ಅವನನ್ನೇ ನೋಡುತ್ತಿದ್ದರು.

"ಹೇಗಿತ್ತಪ್ಪ ಊಟ?"

"ಈರವ್ವನ ಕೈ ಅಡುಗೆ ಅಂದ್ರೆ ಕೇಳಬೇಕೆ! ಈ ರುಚಿ ಅರಮನೇಲಿ ಎಲ್ಲಿಂದ ಬರಬೇಕು?"

ಬಾಗಿಲಲ್ಲಿ ನಿಂತಿದ್ದ ಈರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಉಪ್ಪೇ ಹಾಕಿಲ್ಲ ಕಣಪ್ಪ," ಎಂದಳು.

"ಯಾವುದಕ್ಕೆ?"

"ಯಾವುದಕ್ಕೂ ಇಲ್ಲ. ಸಾರಿಗಿಲ್ಲ, ಪಲ್ಯಕ್ಕಿಲ್ಲ, ಮಜ್ಜಿಗೆಗೂ ಇಲ್ಲ. ಅಯ್ಯನೋರು ಬ್ಯಾಡ ಅಂದ್ರು."

ಬೊಮ್ಮಣ್ಣ ನಕ್ಕ. "ಮಾತಾಡ್ತಾ ಇದ್ನಲ್ಲ, ಗಮನ ಕೊಡಲಿಲ್ಲ."

ಗುರುಗಳು ಉಪ್ಪಿನ ಮರಿಗೆಯಿಂದ ಒಂದು ಹರಳು ತೆಗೆದರು. "ಕಣ್ಣು ಮುಚ್ಚು. ನಾಲಿಗೆ ಚಾಚು."

ಹಳೆಯ ಪಾಠ. ಬೊಮ್ಮಣ್ಣ ಕಣ್ಣು ಮುಚ್ಚಿ ನಾಲಿಗೆ ಚಾಚಿದ. ಹರಳು ನಾಲಿಗೆಯ ಮೇಲೆ ಕೂತಿತು. ಅವನು ಕಾದ. ಬಾಯಿ ಮುಚ್ಚಿ ಅತ್ತಿತ್ತ ಹೊರಳಿಸಿ ನೋಡಿದ.

"ಏನದು?"

"ಕಲ್ಲು," ಎಂದ. ಆಮೇಲೆ ಕಣ್ಣು ಬಿಟ್ಟು ಗುರುಗಳ ಕೈಯಲ್ಲಿದ್ದ ಮರಿಗೆ ನೋಡಿದ. ಅವನಿಗೆ ಭಯವಾಯಿತು.

"ಬಾಗಿಲಲ್ಲಿ ನೆಲ್ಲಿಕಾಯಿ ಕಡಿದೆಯಲ್ಲ, ಒಂದು ಚೂರು ಮುಖ ಕಿವುಚಲಿಲ್ಲ ನೀನು. ಎಷ್ಟು ದಿನದಿಂದ ಹೀಗೆ?"

"ಗೊತ್ತಿಲ್ಲ ಅಯ್ಯಾ."

"ಯಾವಾಗ ಹೋಯ್ತು ಅಂತಲೂ ಗೊತ್ತಿಲ್ಲವಾ?"

"ಇಲ್ಲ."

ಮಡಿಲ ಕುಡಿಕೆಯನ್ನು ಈಗ ಅವನು ಹೊರಗೆ ತೆಗೆದ. ಗುರುಗಳ ಮುಂದಿಟ್ಟ.

"ಅಯ್ಯಾ, ಅರಮನೆಗೆ ಹೂ ಕಟ್ಟಿಕೊಡೋ ಸಂಕವ್ವ ಅಂತ ಒಬ್ಬಳಿದ್ದಳು. ಸಾಮಾನ್ಯ ಪಿತ್ತ. ನೀವು ಕಲಿಸಿದ ನೆಲ್ಲಿಕಾಯಿ ಕಷಾಯ ಕೊಟ್ಟೆ. ವಾಂತಿ ಶುರುವಾಯ್ತು. ರೋಗ ಏರಿತು ಅಂತ ಮದ್ದೂ ಏರಿಸಿದೆ. ಎಂಟೇ ದಿನ, ಹೋಗಿಬಿಟ್ಟಳು. ಈಗ ಅವಳ ಮಗಳು ಹೊನ್ನಿಗೂ ಅದೇ ಪಿತ್ತ, ಅದೇ ಮದ್ದು, ನಿನ್ನೆಯಿಂದ ಅದೇ ವಾಂತಿ. ಸಾಮಾನು ಒಂದೊಂದೂ ಸರಿಯಾಗಿದೆ, ನಾನೇ ತೂಗಿದ್ದು. ತಪ್ಪೆಲ್ಲಿದೆ ಹೇಳಿ."

ಗುರುಗಳು ಕುಡಿಕೆಯ ಬಟ್ಟೆ ಬಿಚ್ಚಿದರು. ಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿದರು. ಥೂ ಎಂದು ಉಗಿದರು. ಅಂಗಳಕ್ಕೆ ಇಳಿದು ಮೂರು ಸಲ ಬಾಯಿ ಮುಕ್ಕಳಿಸಿದರು.

"ಯಾವುದರಲ್ಲಿ ಕಾಯಿಸಿದೆ?"

"ಕೊಪ್ಪರಿಗೇಲಿ. ನೂರು ಜನಕ್ಕೂ ಒಂದೇ ಸಲ ಆಗಲಿ ಅಂತ ಅರಮನೆಯವರೇ ದೊಡ್ಡ ತಾಮ್ರದ ಕೊಪ್ಪರಿಗೆ ಕೊಟ್ಟರು."

"ಇಲ್ಲಿ?"

"ಇಲ್ಲಿ ಮಣ್ಣಿನ ಗಡಿಗೆ. ಒಬ್ಬೊಬ್ಬರಿಗೆ ಒಂದೊಂದು."

"ಕೊಪ್ಪರಿಗೆಗೆ ಕಲಾಯಿ ಇದೆಯಾ?"

"ಕೊಟ್ಟಾಗ ಇತ್ತು."

"ಈಗ?"

ಕೊಪ್ಪರಿಗೆಯ ಒಳಗೆ ಬಗ್ಗಿ ನೋಡಿ ಎಷ್ಟು ತಿಂಗಳಾಯಿತೆಂದು ಬೊಮ್ಮಣ್ಣನಿಗೆ ನೆನಪಾಗಲಿಲ್ಲ.

"ಬೇರೆ ಮದ್ದಾದರೆ ತಡೀತಿತ್ತೇನೋ. ಇದು ಹುಳಿ ಕಷಾಯ. ಕಲಾಯಿ ಹೋದ ತಾಮ್ರ. ಬೆಳಗಿನ ತನಕ ಅದರಲ್ಲೇ ಇಡ್ತೀಯ, ಅಲ್ಲವಾ? ಕಿಲುಬಿನ ವಿಷ ಕುಡಿಸಿದ್ದೀಯಪ್ಪ ಅವಳಿಗೆ."

"ನಾನು ಹುಳಿಸಾರನ್ನೂ ಹಂಗೆ ಇಡಾಕಿಲ್ಲ," ಎಂದಳು ಈರವ್ವ ಬಾಗಿಲಿಂದ. ಬಯ್ಯಬೇಕೆಂದು ಅಂದದ್ದಲ್ಲ, ಬಾಯಿ ತಪ್ಪಿ ಬಂದದ್ದು. ಆದರೂ ಹನ್ನೆರಡು ವರ್ಷ ಓದಿದವನ ಎದೆಗೆ ಅದು ನೇರವಾಗಿ ಇಳಿಯಿತು.

"ಮುಂದಿನ ಮದ್ದು ಎಷ್ಟು ಹೊತ್ತಿಗೆ?" ಗುರುಗಳು ಆಗಲೇ ಪಲ್ಲಕ್ಕಿಯ ಕಡೆ ಹೊರಟಿದ್ದರು.

"ದೀಪ ಹಚ್ಚೋ ಹೊತ್ತಿಗೆ."

"ನಿನ್ನ ಉಂಗುರ ತೆಗೆ."

ರಾಜವೈದ್ಯನ ಮುದ್ರೆಯುಂಗುರವನ್ನು ಗುರುಗಳು ಪಲ್ಲಕ್ಕಿ ಹೊರುವವರಲ್ಲಿ ಕಾಲು ಚುರುಕಾದ ಒಬ್ಬನ ಕೈಗಿಟ್ಟರು. "ಓಡು. ಕೊಪ್ಪರಿಗೆ ಬೋರಲು ಹಾಕಿಸು. ಯಾರೂ ಒಂದು ಗುಟುಕೂ ಕುಡೀಕೂಡದು. ಆ ಹುಡುಗಿಗೆ ಹಾಲು ಕುಡಿಸಿ ಮಲಗಿಸೋಕೆ ಹೇಳು. ವೈದ್ಯರು ಹಿಂದೇನೇ ಬರ್ತಾರೆ ಅನ್ನು."

ಅವನು ಓಡಿದ. ಬೊಮ್ಮಣ್ಣ ಅಂಗಳದಲ್ಲಿ ಕುಸಿದು ಕೂತ.

"ನಾನು ನೇಮ ಬಿಟ್ಟಿರಲಿಲ್ಲ ಅಯ್ಯಾ," ಎಂದ. "ದಿನಾ ನಾಲಿಗೆಗೆ ಮುಟ್ಟಿಸ್ತಿದ್ದೆ. ಒಂದು ದಿನವೂ ತಪ್ಪಿಸಿಲ್ಲ."

"ಏನನ್ನಿಸುತ್ತಿತ್ತು?"

"ಏನೂ ಅನ್ನಿಸ್ತಿರಲಿಲ್ಲ. ಏನೂ ಅನ್ನಿಸಲಿಲ್ಲವಲ್ಲ, ಸರಿಯಾಗಿದೆ ಅಂತ ಕೊಡ್ತಿದ್ದೆ."

ಗುರುಗಳು ಅವನ ಎದುರಿಗೆ ನೆಲದ ಮೇಲೆಯೇ ಕೂತರು. ಬಯ್ದರೆ ಹಗುರವಾಗುತ್ತಿತ್ತು ಎಂದುಕೊಂಡ ಬೊಮ್ಮಣ್ಣ. ಅವರು ಬಯ್ಯಲಿಲ್ಲ. ಮುಖ ಬಾಡಿತ್ತು. ಒಂದೇ ಮಧ್ಯಾಹ್ನಕ್ಕೆ ಮುದುಕರಾದಂತೆ ಕಂಡರು.

"ಕುಡಿದವರು ಯಾರೂ ಏನೂ ಹೇಳಲಿಲ್ಲವಾ?"

ಅವನು ಮುಖ ಪಕ್ಕಕ್ಕೆ ತಿರುಗಿಸಿದ.

"ಸಂಕವ್ವ ಹೇಳಿದ್ದಳು."

"ಏನಂತ?"

"'ಯಾಕೋ ಅಯ್ಯಾ, ತಾಮ್ರದ ಬಿಲ್ಲೆ ಬಾಯಲ್ಲಿಟ್ಟಂಗೆ ಆಗ್ತದೆ' ಅಂದಳು. ಹಿಂದೆ ಸಾಲು ನಿಂತಿತ್ತು. 'ನಾನು ರುಚಿ ನೋಡದೆ ಯಾರಿಗೂ ಮದ್ದು ಕೊಡಲ್ಲ ಕಣವ್ವ' ಅಂದು ಅವಳ ಎದುರಿಗೇ ಒಂದು ಗುಟುಕು ಕುಡಿದು ತೋರಿಸಿದೆ. 'ನೀವೇ ಕುಡಿದ ಮೇಲೆ ನಂದೇನು' ಅಂತ ನಕ್ಕುಬಿಟ್ಟಳು. ಪೂರ್ತಿ ಕುಡಿದಳು. ಲೋಟ ತಲೆಕೆಳಗೆ ಮಾಡಿ ತೋರಿಸಿದಳು, ಒಂದು ಹನಿ ಬಿಟ್ಟಿಲ್ಲ ನೋಡಿ ಅಂತ."

ಅವನು ಅತ್ತ. ಮೊದಲು ತಡೆಯಲು ನೋಡಿದ, ಆಗಲಿಲ್ಲ. ಕಣ್ಣೀರು ಇಳಿದು ತುಟಿಗೆ ಬಂತು. ಅದನ್ನೂ ಅವನು ನೆಕ್ಕಿ ನೋಡಿದ. ಬರೀ ಒದ್ದೆ.

ಈರವ್ವ ಒಂದು ಚೆಂಬು ನೀರು ತಂದಿಟ್ಟು, ಅವನ ತಲೆ ಸವರಿ ಒಳಗೆ ಹೋದಳು.

"ಅಯ್ಯಾ, ನಾನು ಇಲ್ಲೇ ಇದ್ದುಬಿಡ್ತೀನಿ. ಬೇರು ಕೊಚ್ಚಿಕೊಂಡಿರ್ತೀನಿ. ಆ ಕೆಲಸ ಬೇಡ ನನಗೆ."

"ಹೊನ್ನಿ ಅಲ್ಲಿದ್ದಾಳೆ."

"ಅವಳ ಮುಖ ಹೇಗೆ ನೋಡಲಿ?"

"ನೋಡಲೇಬೇಕು."

"ಏನು ಹೇಳಲಿ?"

"ಏನಾಯ್ತೋ ಅದನ್ನೇ."

ಗುರುಗಳು ಮೂಲೆಯಲ್ಲಿ ಬೋರಲು ಹಾಕಿದ್ದ ಮಣ್ಣಿನ ಗಡಿಗೆಯೊಂದನ್ನು ಎತ್ತಿ ತಂದರು. ತಳ ಹೊಗೆ ಹಿಡಿದು ಕಪ್ಪಾಗಿತ್ತು. ಹನ್ನೆರಡು ವರ್ಷ ಅವನೇ ಬಳಸಿದ್ದ ಗಡಿಗೆ. ಅದನ್ನು ಅವನ ಕೈಗೆ ಕೊಟ್ಟರು.

ಬೊಮ್ಮಣ್ಣ ಪಲ್ಲಕ್ಕಿ ಹತ್ತಲಿಲ್ಲ. ಗಡಿಗೆಯನ್ನು ಎದೆಗವಚಿಕೊಂಡು ಹೊಳೆಯ ಕಡೆ ನಡೆದ. ಗುರುಗಳು ದೋಣಿಯ ತನಕ ಜೊತೆಗೆ ಬಂದರು.

ಅಂಬಿಗ ಹುಟ್ಟು ಎತ್ತಿಕೊಂಡ. ಬೊಮ್ಮಣ್ಣ ಒಂದು ಕಾಲು ದೋಣಿಯಲ್ಲಿಟ್ಟು ತಿರುಗಿದ.

"ನನ್ನ ನಾಲಿಗೆ ಮತ್ತೆ ಬರುತ್ತಾ ಅಯ್ಯಾ?"

"ಗೊತ್ತಿಲ್ಲ. ಕೂತು ಉಣ್ಣು. ನೋಡೋಣ."

"ಅದು ಬರೋ ತನಕ? ನಾಳೆ ಬೆಳಗ್ಗೆ ಮತ್ತೆ ನೂರು ಜನ ಬಾಗಿಲಲ್ಲಿರ್ತಾರೆ. ಯಾರ ನಾಲಿಗೇನ ನಂಬಲಿ?"

ಗುರುಗಳು ದೋಣಿಯ ಅಂಚಿಗೆ ಕೈಯಿಟ್ಟು ಅದನ್ನು ನೀರಿಗೆ ನೂಕಿದರು.

"ಸಂಕವ್ವನ ನಾಲಿಗೆ ಚೆನ್ನಾಗಿತ್ತು ಕಣೋ."