ಟೀಚರಮ್ಮನ ತಲೆ ಉಳಿಸಿದ ಮುಯ್ಯಿ

"ಕೇಳ್ರಪ್ಪೋ ಕೇಳಿ! ಅರಮನೆಯ ಆನ್‌ಲೈನ್ ಪಾಠದಲ್ಲಿ ಮುಕ್ಕಾಲು ಪಾಲು ಮಕ್ಕಳು ಫೇಲು! ಮಹಾರಾಜರ ಮೂರು ಒಗಟು ಬಿಡಿಸಿದವರು ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಹೋಗುವುದು. ಯಾರೂ ಬಿಡಿಸದಿದ್ದರೆ ಟೀಚರ್ ರತ್ನಾಂಬೆಯ ತಲೆ!"

ಬೆಳ್ಳಿಗಟ್ಟೆಯಲ್ಲಿ ಹೀಗೆ ಡಂಗುರ ಹೊಡೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋ ರಾಜ ಅವನು, ಇನ್ನೇನು ಹೇಳಿಯಾನು!

ಸೊಪ್ಪು ಬೆಳೆಯುವ ಓಬಳೇಶನ ಕಿವಿಗೂ ಅದು ಬಿತ್ತು. ಹೋದ ವರ್ಷ ಅದೇ ಪಾಠವನ್ನು ಅರ್ಧಕ್ಕೇ ಬಿಟ್ಟವನು ಅವನು. ರತ್ನಾಂಬೆ ಟೀಚರೇ ಹುಡುಕಿ ಫೋನ್ ಮಾಡಿ, "ಮತ್ತೆ ಬಾರೋ ಮಗನೆ" ಅಂದಿದ್ದರು. ಅಂಥವರ ತಲೆ ತೆಗೆಯೋದಾ? ಬುಟ್ಟಿ ಹೊತ್ತುಕೊಂಡೇ ಆಸ್ಥಾನಕ್ಕೆ ಓಡಿದ.

ರಾಜ ಮೊದಲ ಒಗಟು ಕೇಳಿದ: "ಬಾಗಿಲು ತೆರೆದೇ ಇದೆ, ಕಾವಲಿಲ್ಲ. ಬಂದವರೆಲ್ಲ ಅಂಗಳ ಸುತ್ತಿ ವಾಪಸ್. ಯಾವ ಮನೆ?"

"ದೆವ್ವದ ಮನೆ ಪ್ರಭು!" ಅಂದ ಮಂತ್ರಿ ಢಂಬರಾಯ. "ಟೀಚರು ಹಗಲೂ ರಾತ್ರಿ ಬಾಗಿಲಲ್ಲಿ ನಿಂತು ಮಕ್ಕಳನ್ನು ಕೂಗಬೇಕು." ಥೂ, ಮೀಸೆ ಇದ್ದಷ್ಟು ಮಿದುಳಿಲ್ಲ. ಭಟರು ತಲೆ ತೆಗೆಯಲೆಂದು ಅವನನ್ನು ಪಕ್ಕಕ್ಕೆಳೆದರು.

ರಾಜ ಎರಡನೆಯದು ಕೇಳಿದ: "ಸದ್ದಿಲ್ಲದೆ ಕಳೆದುಹೋಗುತ್ತದೆ, ಸುಗ್ಗಿ ಮುಗಿದ ಮೇಲೆ ಗೊತ್ತಾಗುತ್ತದೆ. ಏನದು?"

"ಮೂಗುತಿ!" ಅಂದ ಆಸ್ಥಾನ ಪಂಡಿತ. "ಅಂದಹಾಗೆ, ಟೀಚರು ದಿನಾ ಎಲ್ಲರ ಮನೆಗೂ ಫೋನ್ ಮಾಡಲಿ." ಹೇಳುವವನ ಗಂಟೇನು ಹೋಗುತ್ತೆ! ಅವನನ್ನೂ ಎಳೆದರು.

ರಾಜ ಮೂರನೆಯದು ಕೇಳಿದ: "ಒಂದೇ ಬಾವಿ, ನೂರು ಕೊಡ, ಸೇದುವವಳು ಒಬ್ಬಳು. ಎಲ್ಲ ಕೊಡವೂ ತುಂಬಬೇಕು, ಅವಳ ರಟ್ಟೆ ಸೋಲಬಾರದು. ಹೇಗೆ?"

ತಲೆ ಉಳಿದರೆ ಸಾಕೆಂದು ಎಲ್ಲರೂ ಹಿಂದೆ ಸರಿದರು. ಕಟುಕ ಸಭೆಯ ನಡುವೆ ನಿಲ್ಲಿಸಿದ್ದ ರತ್ನಾಂಬೆಯ ಕಡೆ ನಡೆದ. ಓಬಳೇಶ ಬುಟ್ಟಿ ಇಳಿಸಿ ಅಡ್ಡ ನಿಂತ.

"ಮೊದಲ್ನೇದು ನಿಮ್ಮ ಪಾಠಾನೇ ಬುದ್ಧೀ. ಫೋನ್ ತೆರೆದರೆ ಹತ್ತೆಂಟು ಬಾಗಿಲು, ಹೊಸ್ತಿಲು ಯಾವುದೋ ಗೊತ್ತಾಗಲ್ಲ. ನಾನು ವಾಪಸ್ ಹೋಗಿದ್ದೂ ಹಂಗೇ. 'ಮೊದಲು ಇಲ್ಲಿ ಒತ್ತು' ಅಂತ ಒಂದು ಗುರುತು ಇಡಿ. ಎರಡನೇದು ಹಿಂದೆ ಬಿದ್ದ ಹುಡುಗ. ಅವನು ಕಾಣೆಯಾಗಿದ್ದು ದೊಡ್ಡ ಪರೀಕ್ಷೆ ಅನ್ನೋ ಸುಗ್ಗಿ ಮುಗಿದ ಮೇಲೇ ಗೊತ್ತಾಗೋದು. ಮೊದಲ ವಾರವೇ ಸಣ್ಣ ಪರೀಕ್ಷೆ ಇಡಿ, ಯಂತ್ರವೇ ತಿದ್ದಲಿ. ಬರೆಯದವನಿಗೆ ಮಾತ್ರ ಅಮ್ಮಾವರು ಫೋನ್ ಮಾಡಲಿ."

"ಮೂರನೇದು?"

"ಮುಯ್ಯಿ ಬುದ್ಧೀ. ಇವತ್ತು ನನ್ನ ಹೊಲದ ಕಳೆ ಕೀಳೋಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು. ಮಕ್ಕಳನ್ನ ಹಂಗೇ ಗುಂಪು ಕಟ್ಟಿ. ತುಂಬಿದ ಕೊಡ ಪಕ್ಕದ ಕೊಡಕ್ಕೆ ಬಗ್ಗಲಿ. ಯಾರಿಗೂ ತಿಳಿಯದ್ದು ಮಾತ್ರ ಅಮ್ಮಾವರ ಹತ್ರ ಬರಲಿ."

ರಾಜ ಸಿಂಹಾಸನದಿಂದ ಇಳಿದೇ ಬಂದ. "ಅರ್ಧ ರಾಜ್ಯ ಬೇಕೇನೋ?" ಅಂದ.

"ಅಯ್ಯೋ, ಅದನ್ನ ತಗೊಂಡು ಏನು ಮಾಡ್ಲಿ! ಅಮ್ಮಾವರನ್ನ ಬಿಡಿ. ಈ ಇಬ್ಬರ ತಲೇನೂ ಬೇಡ. ಒಂದು ವಾರ ಅಮ್ಮಾವರ ಕುರ್ಚೀಲಿ ಕೂತು, ತಾವು ಹೇಳಿದ್ದನ್ನ ತಾವೇ ಮಾಡಲಿ."

ರತ್ನಾಂಬೆ ಮನೆಗೆ ಹೋಗಿ, ಬಹಳ ದಿನಕ್ಕೆ ಬಿಸಿಬಿಸಿ ಉಂಡು ಮಲಗಿದರು. ಇತ್ತ ವಾರ ತುಂಬುವ ಮೊದಲೇ ಮಂತ್ರಿಯೂ ಪಂಡಿತನೂ ಬಂದು ರಾಜನ ಕಾಲಿಗೆ ಬಿದ್ದರು.

"ಮಹಾಸ್ವಾಮೀ, ಆ ಕುರ್ಚಿ ಬೇಡ. ತಲೆಯನ್ನೇ ತೆಗೆದುಬಿಡಿ!"