ಹೋಳಿಗೆ ಕೇಳಿದವಳಿಗೆ ಸೂಜಿದಾರ

ಹೊಂಬಾಳೆ ಸೀಮೆಯ ದೊರೆ ವೀರಭೂಪನಿಗೆ ತನ್ನ ಬರವಣಿಗೆಯ ಮೇಲೆ ಬಹಳ ಹೆಮ್ಮೆ. "ನನ್ನ ಕೈಯಲ್ಲಿ ಇದುವರೆಗೆ ಒಂದಕ್ಷರ ತಪ್ಪಿಲ್ಲ" ಎಂದು ಸಭೆಯಲ್ಲಿ ಆಗಾಗ ಹೇಳುತ್ತಿದ್ದ. ಸಭೆಯವರು ತಲೆಯಾಡಿಸುತ್ತಿದ್ದರು. ತಲೆಯಾಡಿಸುವುದೇ ಅವರ ಉದ್ಯೋಗ.

ಒಂದು ದಿನ ದೊರೆ ಅರಮನೆಯ ಶಾಲೆ ನೋಡಲು ಹೋದ. ಅಲ್ಲಿ ಅರಮನೆಯ ಆಳುಕಾಳುಗಳ ಮಕ್ಕಳು ಓದುತ್ತಿದ್ದರು. ಹೊಸದಾಗಿ ಸೇರಿದ್ದ ನೀಲವ್ವ ಎಂಬ ಪುಟ್ಟ ಹುಡುಗಿ ಸ್ವಾಗತದ ಹಲಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. 'ನಾಡು ಆಳುವ ದೊರೆಗೆ ಜಯವಾಗಲಿ' ಎಂದು ಬರೆಯಬೇಕಿತ್ತು. ಅವಳು 'ನಾಡು ಹಾಳುವ ದೊರೆಗೆ' ಎಂದು ಬರೆದಿದ್ದಳು.

ದೊರೆಯ ಮುಖ ಕೆಂಪಾಯಿತು. "ಏನಿದು ಆಚಾರ್ಯರೇ? ನಾನು ಆಳುತ್ತಿದ್ದೇನೋ, ಹಾಳು ಮಾಡುತ್ತಿದ್ದೇನೋ?"

ಗುರುಗಳಾದ ಶೇಷಾಚಾರ್ಯರು ಕೈಮುಗಿದರು. "ಕ್ಷಮಿಸಬೇಕು ಪ್ರಭು. ಹಕಾರ ನುಂಗಬೇಡಿ ಎಂದು ದಿನಾ ಗದರಿಸಿದೆ. ಈ ಮಗು ಹೆದರಿ ಎಲ್ಲ ಕಡೆಯೂ ಒಂದೊಂದು ಹಕಾರ ಹಾಕುತ್ತಿದೆ."

"ಬರುವ ಹುಣ್ಣಿಮೆಗೆ ನಾನೇ ಪರೀಕ್ಷೆ ಮಾಡುತ್ತೇನೆ. ಒಂದೇ ಒಂದು ತಪ್ಪು ಸಿಕ್ಕರೂ ಶಾಲೆ ಮುಚ್ಚಿ ಇಲ್ಲಿ ಕುದುರೆ ಕಟ್ಟಿಸುತ್ತೇನೆ."

ದೊರೆಯ ಹಿಂದೆಯೇ ಹೊನ್ನಾಜಮ್ಮ ನಿಂತಿದ್ದಳು. ದೊರೆಯನ್ನು ನಗಿಸುವುದು ಅವಳ ಕೆಲಸ. ದೊರೆಗೆ ಎದುರು ಮಾತಾಡಿ ದಕ್ಕಿಸಿಕೊಳ್ಳುತ್ತಿದ್ದವಳೂ ಅವಳೊಬ್ಬಳೇ. "ಅಲ್ಲಿಯವರೆಗೆ ಈ ಮಕ್ಕಳನ್ನು ನನಗೊಪ್ಪಿಸಿ, ಪ್ರಭು" ಎಂದಳು.

"ತಗೋ. ಬೆತ್ತ ಬೇಕೇ?"

"ಬೇಡ. ಅಡುಗೆಮನೆ ಕೊಡಿ, ಸಾಕು."

ಮರುದಿನ ಮಧ್ಯಾಹ್ನ ಮಕ್ಕಳೆಲ್ಲ ಎಲೆ ಹಾಕಿಕೊಂಡು ಕುಳಿತರು. ಹೊನ್ನಾಜಮ್ಮ ಹೇಳಿದಳು: "ನಿಮಗೆ ಏನು ಬೇಕೋ ಹಲಗೆಯ ಮೇಲೆ ಬರೀರಿ. ಬರೆದದ್ದನ್ನೇ ಬಡಿಸ್ತೀವಿ. ಬಾಯಲ್ಲಿ ಕೇಳಿದರೆ ಏನೂ ಸಿಗಲ್ಲ."

ಚೆಲುವಿಗೆ ಹೋಳಿಗೆ ಬೇಕಿತ್ತು. 'ಹೊಲಿಗೆ' ಎಂದು ಬರೆದಳು. ಎಲೆಯ ಮೇಲೆ ಸೂಜಿದಾರ ಬಂತು, ಜೊತೆಗೆ ಹರಿದ ಒಂದು ಚೀಲ.

ಬೊಮ್ಮನಿಗೆ ಹಾಲು ಬೇಕಿತ್ತು. 'ಆಳು' ಎಂದು ಬರೆದ. ಗಿರಿಜಾ ಮೀಸೆಯ ಒಬ್ಬ ದಾಂಡಿಗ ಬಂದು ಅವನ ಮುಂದೆ ಕೈಕಟ್ಟಿ ನಿಂತು, "ಏನಪ್ಪಣೆ, ಧಣಿ?" ಎಂದ. ಬೊಮ್ಮ ಹೆದರಿ, "ಹಾಲು" ಎಂದ. "ಅದನ್ನು ಬರೆದುಕೊಡಬೇಕು, ಧಣಿ" ಎಂದ ಆಳು.

ಕರಿಯಣ್ಣ 'ತುಪ್ಪ' ಎನ್ನುವ ಬದಲು 'ತಪ್ಪು' ಎಂದು ಬರೆದು ಎಲೆ ನೋಡುತ್ತ ಕುಳಿತ. ಏನೂ ಬರಲಿಲ್ಲ.

"ಅಮ್ಮಾ, ನನಗೆ ಬಡಿಸಲೇ ಇಲ್ಲ."

"ನೀನು ಕೇಳಿದ್ದು ತಪ್ಪು. ಅದನ್ನಾಗಲೇ ನೀನೇ ಮಾಡಿಕೊಂಡಿದ್ದೀಯಲ್ಲ ಮಗನೇ" ಎಂದಳು ಹೊನ್ನಾಜಮ್ಮ.

ಮಕ್ಕಳು ನಕ್ಕು ನಕ್ಕು ಉರುಳಾಡಿದರು. ಆಮೇಲೆ ಹಲಗೆ ಒರೆಸಿ, ಒಬ್ಬರನ್ನೊಬ್ಬರು ಕೇಳಿ, ತಿದ್ದಿ ಬರೆದರು. ಹೋಳಿಗೆ ಬಂತು, ಹಾಲು ಬಂತು, ತುಪ್ಪವೂ ಬಂತು. ಮರುದಿನದಿಂದ ಚಕ್ಕುಲಿ, ಕಜ್ಜಾಯ, ತಂಬಿಟ್ಟು ಎಂದು ದಿನಕ್ಕೊಂದು ಹೊಸ ಪದ ಅವರ ಹೊಟ್ಟೆ ಸೇರತೊಡಗಿತು.

ಅಡುಗೆಯ ಪಾಪಯ್ಯ ಇದನ್ನೆಲ್ಲ ನೋಡಿ ನಗುತ್ತ, "ಸದ್ಯ, ಈ ನಿಯಮ ದೊರೆಗಿಲ್ಲ ಕಣಮ್ಮ. ಅವರ ಚೀಟಿಯಲ್ಲಿ ಯಾವತ್ತೂ 'ಹುಲಿ ಅನ್ನ ಬೇಕು' ಅಂತಲೇ ಇರುತ್ತೆ. ನಾವು ಪಾಪ ಅಂತ ಹುಳಿ ಅನ್ನ ಕಳಿಸ್ತೀವಿ" ಎಂದ.

"ಹೌದೇ?" ಎಂದಳು ಹೊನ್ನಾಜಮ್ಮ.

ಹುಣ್ಣಿಮೆ ಬಂತು. ದೊರೆ ಸಭೆಯವರನ್ನೂ ಕರೆದುಕೊಂಡು ಶಾಲೆಗೆ ಬಂದ. ದೊರೆ ಹೇಳಿದ ಪದಗಳನ್ನೆಲ್ಲ ಮಕ್ಕಳು ಪಟಪಟನೆ ಬರೆದರು. ಒತ್ತು ತಪ್ಪಲಿಲ್ಲ, ದೀರ್ಘ ತಪ್ಪಲಿಲ್ಲ. ಶೇಷಾಚಾರ್ಯರ ಕಣ್ಣು ತುಂಬಿ ಬಂತು. ಕೊನೆಗೆ ದೊರೆ, "ಆನೆ" ಎಂದ.

ನೀಲವ್ವ 'ಹಾನೆ' ಎಂದು ಬರೆದಳು.

"ಯಾಕಮ್ಮ ಹೀಗೆ?" ಎಂದರು ಆಚಾರ್ಯರು, ಸೋತ ದನಿಯಲ್ಲಿ.

"ಆನೆ ಅಷ್ಟು ದೊಡ್ಡದಲ್ವಾ ಗುರುಗಳೇ, ಬರೀ 'ಆ' ಸಾಲದು ಅನ್ನಿಸ್ತು."

ದೊರೆ ಎದ್ದು ನಿಂತ. "ಮುಗಿಯಿತು. ಮಕ್ಕಳನ್ನು ಮನೆಗೆ ಕಳಿಸಿ." ಮಕ್ಕಳು ಬಿಕ್ಕತೊಡಗಿದರು. ನೀಲವ್ವ ಹಲಗೆಯ ಹಿಂದೆ ಮುಖ ಮುಚ್ಚಿಕೊಂಡಳು.

ಹೊನ್ನಾಜಮ್ಮ ಮುಂದೆ ಬಂದಳು. "ಅಪ್ಪಣೆ, ಪ್ರಭು. ಆದರೆ ಬಾಯಿಮಾತಿಗೆ ಶಾಲೆ ಮುಚ್ಚಿದರೆ ನಾಳೆ ಯಾರಾದರೂ ತಕರಾರು ತೆಗೆದಾರು. ಈ ದೊಡ್ಡ ಹಲಗೆಯ ಮೇಲೆ ತಮ್ಮ ಕೈಯಾರೆ ಬರೆದುಬಿಡಿ. ಆಮೇಲೆ ಬದಲಾಗುವುದಿಲ್ಲ ತಾನೆ?"

"ನಾನು ಬರೆದದ್ದನ್ನು ನಾನೂ ಬದಲಿಸುವುದಿಲ್ಲ" ಎಂದು ದೊರೆ ಬಳಪ ಹಿಡಿದು, ದೊಡ್ಡದಾಗಿ ಒಂದು ಸಾಲು ಬರೆದು, ಕೆಳಗೆ ರುಜು ಹಾಕಿದ.

"ನೀಲವ್ವ, ಗಟ್ಟಿಯಾಗಿ ಓದು" ಎಂದಳು ಹೊನ್ನಾಜಮ್ಮ.

ನೀಲವ್ವ ಮೂಗೊರೆಸಿಕೊಂಡು ಓದಿದಳು: "ಒಂದು ಮಗುವನ್ನೂ ಬಿಡದೆ ಕಲಿಸಿ."

"ಕಲಿಸಿ ಅಲ್ಲ, ಕಳಿಸಿ" ಎಂದ ದೊರೆ.

"ಹಾಗಾದ್ರೆ ಅದಕ್ಕೆ ಬೇರೆ ಳ ಬರುತ್ತೆ, ಬುದ್ಧಿ" ಎಂದಳು ನೀಲವ್ವ.

ದೊರೆ ಹಲಗೆ ನೋಡಿದ. ಹತ್ತಿರ ಹೋಗಿ ನೋಡಿದ. ಆಚಾರ್ಯರು ಛಾವಣಿ ನೋಡುತ್ತಿದ್ದರು. ಸಭೆಯವರಿಗೆ ತಲೆಯನ್ನು ಯಾವ ಕಡೆಗೆ ಆಡಿಸಬೇಕೆಂದೇ ತಿಳಿಯಲಿಲ್ಲ.

"ದೊರೆಯ ಕೈಬರಹ" ಎಂದಳು ಹೊನ್ನಾಜಮ್ಮ. "ಕಲಿಸಿ ಎಂದಿದೆ. ಕಲಿಸುತ್ತೇವೆ."

ವೀರಭೂಪನ ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ ಕುಲುಕಿತು. ಕಣ್ಣೀರು ಬರುವಷ್ಟು ನಕ್ಕು, "ಗೆದ್ದೆ ಕಣೇ ಹೊನ್ನಾಜಮ್ಮ. ಶಾಲೆ ಇರಲಿ. ನಿನಗೇನು ಬೇಕು, ಕೇಳು" ಎಂದ.

"ನನಗೇನೂ ಬೇಡ. ನಾಳೆ ಬೆಳಿಗ್ಗೆ ಬರುವಾಗ ತಮ್ಮದೊಂದು ಹಲಗೆ ತಂದರೆ ಸಾಕು."

"ನಾನ್ಯಾಕೆ ಬರಬೇಕು?"

"ಒಂದು ಮಗುವನ್ನೂ ಬಿಡಬೇಡಿ ಎಂದು ತಾವೇ ಬರೆದಿದ್ದೀರಿ. ರಾಜಮಾತೆ ಇವತ್ತಿಗೂ ತಮ್ಮನ್ನು ಮಗು ಅಂತಲೇ ಕರೆಯೋದು."