ಕೊಡೆ ಕಂಡಲ್ಲಿ ನಿಲ್ಲಿಸಿ

ಹಳೆ ಪೇಟೆಯ ಕಮಾನು ಕಟ್ಟಡದಲ್ಲಿ ಮೊಬೈಲ್ ಅಂಗಡಿ ತೆರೆಯಲು ಹೊರಟ ಗುರುಪಾದಪ್ಪ, ಬಾಗಿಲ ಮೇಲೆ ತಾತನ ಕಾಲದಿಂದ ನೇತಾಡುತ್ತಿದ್ದ ಕೊಡೆಯಾಕಾರದ ತಗಡಿನ ಬೋರ್ಡನ್ನು ಬೆಳಿಗ್ಗೆಯೇ ಕಿತ್ತು ಗುಜರಿಗೆ ಸಾಗಹಾಕಿದ. ಅದರ ಜಾಗಕ್ಕೆಂದು ಝಗಮಗಿಸುವ ಎಲ್‌ಇಡಿ ಬೋರ್ಡೊಂದು ಟೆಂಪೋ ಏರಿತು.

“ಇನ್ನು ಮೇಲೆ ಆ ಬೀದಿಯನ್ನೇ ನನ್ನ ಹೆಸರಿನಿಂದ ಕರೆಯುತ್ತಾರೆ, ನೋಡುತ್ತಿರು,” ಎಂದಿತು ಹೊಸ ಬೋರ್ಡು.

“ಆಗಲಿ. ಸದ್ಯಕ್ಕೆ ವಿಳಾಸ ಹೇಳು,” ಎಂದಿತು ಟೆಂಪೋ.

“ಕೊಡೆ ಬೋರ್ಡಿನ ಕಟ್ಟಡ. ಗುರುಪಾದಪ್ಪನವರೇ ಹೇಳಿದ್ದು.”

ಟೆಂಪೋ ದಾರಿಯುದ್ದಕ್ಕೂ ವಿಚಾರಿಸಿತು. ಗಡಿಯಾರದ ಗೋಪುರ, ಅಂಚೆ ಡಬ್ಬಿ, ನಡುರಸ್ತೆಯಲ್ಲಿ ಮಲಗಿದ್ದ ಆಕಳು, ಎಲ್ಲವೂ ಹೇಳಿದ್ದು ಒಂದೇ ಮಾತು: “ನೇರ ಹೋಗಿ, ಕೊಡೆ ಕಂಡಲ್ಲಿ ನಿಲ್ಲಿಸಿ.” ನೇರ ಹೋದವು. ಪೇಟೆ ಮುಗಿಯಿತು, ಕೊಡೆ ಕಾಣಲಿಲ್ಲ. ಮತ್ತೆ ಬಂದವು, ಮತ್ತೆ ಹೋದವು. ಸುತ್ತಿ ಸುತ್ತಿ ಬೋರ್ಡಿಗೆ ತಲೆ ತಿರುಗಿತು. ಕೊನೆಗೆ ಊರಾಚೆ ಒಂದು ಕೊಡೆ ಕಂಡದ್ದೇ ತಡ, ಟೆಂಪೋ ಗಕ್ಕನೆ ನಿಂತು ಬೋರ್ಡನ್ನು ಇಳಿಸಿ ಹೊರಟೇಹೋಯಿತು.

ಬೋರ್ಡು ಸುತ್ತ ನೋಡಿತು. ತುಕ್ಕು ಹಿಡಿದ ಸೈಕಲ್ಲು, ತಳ ಕಿತ್ತ ಬಕೆಟ್ಟು. “ಇದು ಗುಜರಿ ಅಂಗಡಿಯಲ್ಲವೇ?”

“ಹೌದು, ಬನ್ನಿ,” ಎಂದಿತು ತಗಡಿನ ಕೊಡೆ. “ನೀವೂ ಇಷ್ಟು ಬೇಗ ಬರುತ್ತೀರೆಂದು ಅಂದುಕೊಂಡಿರಲಿಲ್ಲ.”

ಬೋರ್ಡನ್ನು ಹುಡುಕುತ್ತ ಬಂದ ಗುರುಪಾದಪ್ಪ ಅಲ್ಲಿ ಕೊಡೆಯನ್ನು ನೋಡಿ ಹಣೆ ಚಚ್ಚಿಕೊಂಡ. ಎರಡನ್ನೂ ಕಟ್ಟಡಕ್ಕೆ ತಂದು ಏಣಿ ಹಾಕಿದ.

ಹೊಸ ಬೋರ್ಡು ಪಕ್ಕಕ್ಕೆ ಸರಿದು ನಿಂತಿತು. “ಮೊದಲು ಕೊಡೆಯವರು ಹತ್ತಲಿ. ಆಮೇಲೆ ನಾನೆಲ್ಲಿದ್ದೇನೆಂದು ನನಗೂ ತಿಳಿಯುತ್ತದೆ.”